ಕಾಕನಕೋಟೆಯ ಕಾಡು, ಲಂಡನ್ನಿನ ಕಥೆ

ಬ್ರಿಟಿಷ್ ಸಾಮ್ರಾಜ್ಯದ ಸಾಹಸಚಿತ್ರಗಳನ್ನು ಕುರಿತು ಬರೆಯುವ ವಿದ್ವಾಂಸರಲ್ಲಿ ಒಂದು ಮಾತು ರೂಢಿಯಾಗಿದೆ: ಅವು ತಮ್ಮ ಕಾಲದ ಕೂಸುಗಳು, ಅವನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದು. ಕೇಳಲು ನ್ಯಾಯವೆನಿಸುವ ಮಾತಿದು. ಆದರೆ ‘ಆ ಕಾಲ’ ಎಂದರೆ ಯಾರ ಕಾಲ?

ಅಲೆಕ್ಸಾಂಡರ್ ಕೊರ್ಡಾ ಅವರ ಲಂಡನ್ ಫಿಲ್ಮ್ಸ್ ಸಂಸ್ಥೆ 1938ರಲ್ಲಿ ‘ದಿ ಡ್ರಮ್’ ಚಿತ್ರವನ್ನು ಹೊರತಂದಿತು. ವಾಯವ್ಯ ಗಡಿನಾಡಿನ ಎಳೆಯ ರಾಜಕುಮಾರನೊಬ್ಬ ದಂಗೆಕೋರನಾದ ಚಿಕ್ಕಪ್ಪನ ವಿರುದ್ಧ ಆಂಗ್ಲರಿಗೆ ನೆರವಾಗುವುದೇ ಅದರ ವಸ್ತು. ಅದೇ ವರ್ಷ ಮುಂಬಯಿಯ ಜನ ಅದನ್ನು ಬೀದಿಗಿಳಿದು ಪ್ರತಿಭಟಿಸಿದರು. ಮದರಾಸಿನಲ್ಲಿಯೂ ವಿರೋಧ ಎದ್ದಿತು. ‘ಸ್ಯಾಂಡರ್ಸ್ ಆಫ್ ದಿ ರಿವರ್’ (1935) ಚಿತ್ರದಲ್ಲಿ ಆಂಗ್ಲ ಅಧಿಕಾರಿಗೆ ನಿಷ್ಠನಾದ ಆಫ್ರಿಕದ ನಾಯಕನಾಗಿ ನಟಿಸಿದ ಪಾಲ್ ರೋಬ್ಸನ್ ಅವರೇ ಮುಂದೆ ಆ ಚಿತ್ರವನ್ನು ಬಹಿರಂಗವಾಗಿ ತಿರಸ್ಕರಿಸಿದರು. ಇವರೆಲ್ಲ ಆ ಕಾಲದವರೇ. ಕಾಲದ ನೆಪ ಹೇಳುವವರು ವಾಸ್ತವವಾಗಿ ಇವರನ್ನು ಇತಿಹಾಸದಿಂದ ಹೊರಗಿಡುತ್ತಾರೆ.

ಕನ್ನಡದಲ್ಲಿ ಈ ನೆಪಕ್ಕೆ ಅಭಿಮಾನವೂ ಜೊತೆಗೂಡುತ್ತದೆ. ಕಿಪ್ಲಿಂಗನ ಕಥೆಯನ್ನು ಆಧರಿಸಿದ ‘ಎಲಿಫೆಂಟ್ ಬಾಯ್’ (1937) ಚಿತ್ರದ ಹೊರಾಂಗಣ ದೃಶ್ಯಗಳನ್ನು ರಾಬರ್ಟ್ ಫ್ಲಾಹರ್ಟಿ ಚಿತ್ರಿಸಿದ್ದು ಮೈಸೂರು ಸಂಸ್ಥಾನದಲ್ಲಿ. ನಾಯಕ ಸಾಬು ಕಾರಾಪುರದ ಮಾವುತನ ಮಗ. ಹೆಮ್ಮೆ ಸಹಜವೇ. ಆದರೆ ಹೆಮ್ಮೆಯು ವಿಮರ್ಶೆಯ ಸ್ಥಾನದಲ್ಲಿ ಕೂರಬಾರದು. ಕಾಡು ನಿಜ, ಆನೆ ನಿಜ, ಹುಡುಗನ ಕೌಶಲವೂ ನಿಜ. ಆ ನಿಜಗಳ ಬಲದಿಂದಲೇ ಕಥೆಯ ಸುಳ್ಳು ನಂಬಿಕೆಗೆ ಅರ್ಹವಾಗುತ್ತದೆ. ಆನೆಗಳ ಜಾಡು ಬಲ್ಲ ಹುಡುಗ ಬೇಟೆಗಾರನೆನಿಸಿಕೊಳ್ಳಲು ಪೀಟರ್ಸನ್ ಸಾಹೇಬನ ಮನ್ನಣೆಗೆ ಕಾಯಬೇಕು. ಹಿರಿಯ ಬೇಟೆಗಾರ ಮಾಚುವಾ ಅಪ್ಪನ ಪಾತ್ರವೂ ಬಣ್ಣ ಬಳಿದ ಆಂಗ್ಲ ನಟನಿಗೇ ದಕ್ಕಿತು.

ಮೈಸೂರಿನ ಖೆಡ್ಡಾ ಪದ್ಧತಿಗೆ 1870ರ ದಶಕದಲ್ಲಿ ನೆಲೆ ಒದಗಿಸಿದವನು ಸ್ಯಾಂಡರ್ಸನ್ ಎಂಬ ಆಂಗ್ಲನೇ ಅಲ್ಲವೆ ಎಂಬ ಆಕ್ಷೇಪ ಬರಬಹುದು. ಹೌದು. ಆದರೆ ಕಾಕನಕೋಟೆಯ ಖೆಡ್ಡಾ ನಡೆದುದು ಜೇನುಕುರುಬರ ಕಾಡಿನ ಅರಿವಿನಿಂದ, ಮಾವುತರ ಮೈಬಲದಿಂದ. ಚಿತ್ರ ಆ ದುಡಿಮೆಯನ್ನು ತೋರಿಸುತ್ತದೆ, ಆಜ್ಞೆಯನ್ನು ಮಾತ್ರ ಸಾಹೇಬನ ಕೈಗಿಡುತ್ತದೆ.

ಈ ಚಿತ್ರಗಳನ್ನು ಪಠ್ಯದಿಂದ ಕೈಬಿಡಬೇಕೆಂದು ಇದರ ಅರ್ಥವಲ್ಲ. ‘ಎಲಿಫೆಂಟ್ ಬಾಯ್’ ಕುರಿತು ಪ್ರಬಂಧ ಬರೆಯುವ ಕನ್ನಡದ ಸಂಶೋಧಕರು ವೆನಿಸ್ ಉತ್ಸವದ ಪ್ರಶಸ್ತಿಯನ್ನು ಉಲ್ಲೇಖಿಸುವಂತೆಯೇ ಖೆಡ್ಡಾದ ಜೇನುಕುರುಬರನ್ನೂ ಮುಂಬಯಿಯ ಪ್ರತಿಭಟನಕಾರರನ್ನೂ ಉಲ್ಲೇಖಿಸಲಿ. ಅಲ್ಲಿಯವರೆಗೆ ‘ಕಾಲದ ಕೂಸು’ ಎಂಬ ಮಾತು ವಿಮರ್ಶೆಯೆನಿಸದು.