ಕೆಲಸ ನಿಂತಾಗ ಕೈ ಹಿಡಿಯೋರು ಯಾರು?

ಸೋದರಿಯರೇ, ಹೊಲಿಗೆ, ಇಸ್ತ್ರಿ, ಆಟೋ ನಂಬಿದ ಮನೆಗೆ ತಿಂಗಳ ಸಂಬಳ ಎಲ್ಲಿಂದ ಬರಬೇಕು? ಕೆಲಸ ನಿಂತರೆ ಒಲೆ ಉರಿಯೋದೂ ಕಷ್ಟ. 2020ರ ಲಾಕ್‌ಡೌನಿನಲ್ಲಿ ರಾಜ್ಯ ಸರ್ಕಾರ ಮಡಿವಾಳರಿಗೆ, ಕ್ಷೌರಿಕರಿಗೆ, ಆಟೋ-ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಿಸಿತು. 2021ರಲ್ಲಿ ದರ್ಜಿಗಳಿಗೂ 2,000 ರೂಪಾಯಿ. ಅದು ಒಂದು ಸಲದ ನೆರವು ಅಷ್ಟೆ. ಅದಕ್ಕೂ ಕಸುಬಿನ ಪುರಾವೆ, ಬ್ಯಾಂಕ್ ಖಾತೆ ಬೇಕಾಯಿತು.

ಆದ್ದರಿಂದ ಕೆಲಸ ಕೈತುಂಬ ಇರುವಾಗಲೇ ಕಾಗದಪತ್ರ ಸರಿಮಾಡಿಕೊಳ್ಳಿ. 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರು ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಬಹುದು. ಆಧಾರ್, ಪಾಸ್‌ಬುಕ್ ಜೊತೆಗಿರಲಿ. ಕಾರ್ಡು ಬಂದ ಮಾತ್ರಕ್ಕೆ ತಿಂಗಳಾ ತಿಂಗಳಾ ಹಣ ಬರೋಲ್ಲ. ಆದರೆ ನಿಮ್ಮ ಕಸುಬು ಸರ್ಕಾರದ ಲೆಕ್ಕಕ್ಕೆ ಸೇರುತ್ತೆ.

ಯಜಮಾನರ ಹೆಸರೊಂದೇ ಸಾಲದು. ಮನೇಲಿ ಕೂತು ರವಿಕೆ ಹೊಲಿಯೋ ನೀವೂ ದುಡಿಯೋರೇ. ನಿಮ್ಮ ಹೆಸರನ್ನೂ ಬರೆಸಿ.