ಬಾಟಲಿಗೂ ಮಡಿಯೇ?



ಮೇಷ್ಟ್ರು ಮದ್ಯದ ವಿಷಯ ಬರೆಯುವುದೇ ಎಂದು ಕೆಲವರಿಗಾದರೂ ಅನ್ನಿಸೀತು. ಕುಡಿಯಿರಿ ಎಂಬ ಉಪದೇಶ ಇದಲ್ಲ. ನನ್ನ ತಕರಾರು ಮಡಿವಂತಿಕೆಯೊಡನೆ. ಅದೀಗ ಲೋಟದೊಳಕ್ಕೂ ಇಳಿದಿದೆ.

ಜಿನ್ನಿಗೆ ನಿಂಬೆಯ ಸಿಹಿಪಾಕ ಬೆರೆಸಿದರೆ ಅದು ಗಿಮ್ಲೆಟ್. ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಪಾಕವನ್ನು ಮನೆಯಲ್ಲೇ ಮಾಡಿ, ಎರಡು ಏಲಕ್ಕಿ ಜಜ್ಜಿ ಹಾಕಿ, ಸ್ನೇಹಿತರಿಗೆ ಕೊಟ್ಟನಂತೆ. "ರೋಸಸ್ ಬಾಟಲಿಯದಲ್ಲದಿದ್ದರೆ ಅದು ಗಿಮ್ಲೆಟ್ಟೇ ಅಲ್ಲ" ಎಂದು ಅವರು ನಕ್ಕರಂತೆ. ಅಂದಿನಿಂದ ಆತ ಪಾಕ ಮಾಡುವುದನ್ನೇ ಬಿಟ್ಟಿದ್ದಾನೆ. ನನಗೆ ಬೇಸರ ತಂದದ್ದು ಇದು.

ನಕ್ಕವರಿಗೆ ಪ್ರಮಾಣಗ್ರಂಥಗಳ ಕೊರತೆಯಿಲ್ಲ. ಲಂಡನ್ನಿನ ಸವಾಯ್ ಹೋಟೆಲಿನ ಹ್ಯಾರಿ ಕ್ರ್ಯಾಡಕ್ 1930ರ ತಮ್ಮ ಪುಸ್ತಕದಲ್ಲಿ ಅರ್ಧ ಜಿನ್, ಅರ್ಧ ರೋಸಸ್ ಎಂದೇ ವಿಧಿಸಿದ್ದಾರೆ. 1953ರ ಕಾದಂಬರಿಯೊಂದರಲ್ಲಿ ರೇಮಂಡ್ ಚಾಂಡ್ಲರ್ ಪಾತ್ರವೊಂದರ ಬಾಯಿಂದ ಇದನ್ನೇ ಹೇಳಿಸಿದ್ದಾರೆ. ಆದರೆ ಆ ಬಾಟಲಿ ಹುಟ್ಟಿದ್ದು ಹೇಗೆ? ದೀರ್ಘ ಯಾನಗಳಲ್ಲಿ ತಾಜಾ ಹಣ್ಣು ಸಿಗದೆ ನಾವಿಕರು ಸ್ಕರ್ವಿಯಿಂದ ಒಸಡು ಬಾತು, ನೆತ್ತರು ಸುರಿದು ಸಾಯುತ್ತಿದ್ದರು. ಅವರಿಗಾಗಿ ಒಯ್ಯುವ ನಿಂಬೆರಸ ಕೆಡದಿರಲೆಂದು ಮದ್ಯ ಬೆರೆಸುತ್ತಿದ್ದರು. ಸ್ಕಾಟ್ಲೆಂಡಿನ ಲೀತ್ ಬಂದರಿನ ಲಾಕ್ಲಿನ್ ರೋಸ್ 1867ರಲ್ಲಿ ಮದ್ಯವಿಲ್ಲದೆಯೇ ರಸವನ್ನು ಕಾಪಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಅಂದರೆ ಆ ಬಾಟಲಿಯೇ ತಾಜಾ ಹಣ್ಣಿಗೊಂದು ಬದಲಿ! ಬದಲಿಯನ್ನು ಮೂಲವೆಂದು ಪೂಜಿಸಿ, ಹಣ್ಣನ್ನೇ ಹಿಂಡಿದವನನ್ನು ಹಂಗಿಸುವುದು ಯಾವ ನ್ಯಾಯ?

ಇನ್ನೊಂದು ಮಾತು. ರೋಸ್ ಕಂಪನಿ ನೆಚ್ಚಿದ್ದ ವೆಸ್ಟ್ ಇಂಡೀಸಿನ ನಿಂಬೆಯೂ ನಮ್ಮ ಇಂಡಿ ತಾಲ್ಲೂಕಿನ ತೆಳುಸಿಪ್ಪೆಯ ನಿಂಬೆಯೂ ಒಂದೇ ಸಸ್ಯಜಾತಿಯವು. ಏಷ್ಯಾದಿಂದಲೇ ಆ ಹಣ್ಣು ಅಲ್ಲಿಗೆ ಹೋದದ್ದು.

ಹಾಗಾದರೆ ಮನಬಂದದ್ದನ್ನೆಲ್ಲ ಬೆರೆಸಿ ಗಿಮ್ಲೆಟ್ ಎನ್ನಬಹುದೇ? ಕೂಡದು. ಆ ಪಾನೀಯದ ಜೀವಾಳ ಹುಳಿ, ಸಿಹಿ ಮತ್ತು ಸಿಪ್ಪೆಯ ನಸುಗಹಿ. ಬರಿಯ ರಸಕ್ಕೆ ಸಕ್ಕರೆ ಸುರಿದರೆ ಮೂರನೆಯದು ಬಾರದು. ನಮ್ಮ ಹುಡುಗ ಇದನ್ನು ಅರಿತಿದ್ದ. ನಾಲ್ಕು ನಿಂಬೆಗಳ ಹೊರಸಿಪ್ಪೆಯನ್ನು ಒಳಗಿನ ಬಿಳಿಭಾಗ ಸೇರದಂತೆ ಹೆರೆದು, 100 ಗ್ರಾಂ ಸಕ್ಕರೆಯೊಡನೆ ಹೊಸಕಿ, ನಾಲ್ಕು ಗಂಟೆ ಮುಚ್ಚಿಟ್ಟ. ಸಿಪ್ಪೆಯ ಎಣ್ಣೆಯನ್ನು ಸಕ್ಕರೆ ಹೀರಿಕೊಂಡಿತು. ಬಳಿಕ ಅದೇ ಹಣ್ಣುಗಳ ರಸ ಹಿಂಡಿ, ಏಲಕ್ಕಿ ಸೇರಿಸಿ, ಕದಡಿ, ಸೋಸಿದ. 60 ಮಿಲಿ ಜಿನ್ನಿಗೆ 20 ಮಿಲಿ ಪಾಕ. ಏಲಕ್ಕಿಯೂ ಅಪರಿಚಿತವಲ್ಲ, ಎಷ್ಟೋ ಬಗೆಯ ಜಿನ್ನಿನ ತಯಾರಿಕೆಯಲ್ಲೇ ಅದಕ್ಕೆ ಸ್ಥಾನವುಂಟು. ಇದು ಸ್ವೇಚ್ಛೆಯಲ್ಲ, ಮೂಲವನ್ನು ಓದಿಕೊಂಡವನ ಪ್ರಯೋಗ.

ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ' ರಚಿಸಿದ್ದು ಪೂರ್ವಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡು. ಪ್ರಯೋಗ ಮೊದಲು, ಸೂತ್ರ ಅನಂತರ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ! ಅಡುಗೆಮನೆಗೂ ಅದೇ ನಿಯಮ. ಕೊಂಡು ತಂದದ್ದೇ ಶುದ್ಧ, ಕೈಯಾರೆ ಮಾಡಿದ್ದು ಕಲಬೆರಕೆ ಎಂಬ ಭಾವ ಬೇರೂರಿದರೆ ಮಾಡುವ ಕೈಗಳೇ ಉಳಿಯವು.

ಆದ್ದರಿಂದ ಮಗೂ, ಪಾಕ ಮಾಡುವುದನ್ನು ಬಿಡಬೇಡ. ಕೇಳಿದವರಿಗೆ ಏಲಕ್ಕಿ ಗಿಮ್ಲೆಟ್ ಎಂದು ಹೆಸರು ಹೇಳಿಯೇ ಕೊಡು.