ಹಳದಿ ಬಣ್ಣದ ಉಪಕಾರ

ಈಚೆಗೆ ಬರುತ್ತಿರುವ ದೊಡ್ಡ ವಿಡಿಯೋ ಗೇಮುಗಳನ್ನು ಆಡಿದವರು ಈ ದೃಶ್ಯವನ್ನು ಒಮ್ಮೆಯಾದರೂ ಕಂಡಿರುತ್ತಾರೆ. ಮನುಷ್ಯಸಂಚಾರದ ಕುರುಹೇ ಇಲ್ಲದ ಒಂದು ಕಣಿವೆ. ಶತಮಾನಗಳ ಮಳೆಗಾಳಿಯನ್ನು ಸಹಿಸಿ ನಿಂತ ಬಂಡೆ. ಅದರ ಮೇಲೆ ಹಬ್ಬಿದ ಹಾವಸೆಯ ಒಂದೊಂದು ಎಳೆಯನ್ನೂ ಕಲಾವಿದರು ಅತ್ಯಂತ ಶ್ರದ್ಧೆಯಿಂದ ರೂಪಿಸಿದ್ದಾರೆ. ಆ ಸೌಂದರ್ಯವನ್ನು ನೋಡುತ್ತ ನಿಂತವನ ಕಣ್ಣಿಗೆ, ಯಾರೋ ಈಗತಾನೆ ಡಬ್ಬಿಯಿಂದ ಸುರಿದು ಹೋದಂತೆ, ಬಂಡೆಯ ಅಂಚಿನಲ್ಲಿ ಒಂದು ಪಟ್ಟೆ ಹಳದಿ ಬಣ್ಣ ಹೊಳೆಯುತ್ತದೆ. ಇಲ್ಲಿ ಕೈಯಿಡು, ಇಲ್ಲಿಂದಲೇ ಹತ್ತು ಎಂಬುದು ಅದರ ಅಪ್ಪಣೆ. 2023ರಲ್ಲಿ ಹೊಸದಾಗಿ ನಿರ್ಮಾಣಗೊಂಡು ಬಂದ ‘ರೆಸಿಡೆಂಟ್ ಈವಿಲ್ 4’ ಎಂಬ ಆಟದಲ್ಲಿ ಏಣಿಗಳಿಗೂ ಪೀಪಾಯಿಗಳಿಗೂ ಬಳಿದಿದ್ದ ಈ ಬಣ್ಣವು, ಮರುವರ್ಷದ ಫೆಬ್ರವರಿಯಲ್ಲಿ ‘ಫೈನಲ್ ಫ್ಯಾಂಟಸಿ 7 ರೀಬರ್ತ್’ನ ಡೆಮೋ ಹೊರಬಂದಾಗ ಅಲ್ಲಿಯ ಬಂಡೆಗಳ ಮೇಲೂ ಕಾಣಿಸಿಕೊಂಡು, ಆಟಗಾರರ ಲೋಕದಲ್ಲಿ ಒಂದು ದೊಡ್ಡ ವಾಗ್ವಾದಕ್ಕೇ ಕಾರಣವಾಯಿತು.

ಇದಕ್ಕಾಗಿ ಗೇಮ್ ತಯಾರಿಸುವವರನ್ನು ಸುಮ್ಮನೆ ದೂರುವುದು ನ್ಯಾಯವಲ್ಲ. ಮೂವತ್ತು ವರ್ಷಗಳ ಹಿಂದಿನ ಆಟದಲ್ಲಿ ಪರದೆಯ ಮೇಲೆ ಒಂದು ಬಾಗಿಲು ಇದ್ದರೆ ಅದು ಸಾಮಾನ್ಯವಾಗಿ ತೆರೆಯುವುದಕ್ಕಾಗಿಯೇ ಇದ್ದ ಬಾಗಿಲು; ಏಣಿ ಇದ್ದರೆ ಹತ್ತುವುದಕ್ಕಾಗಿ ಇದ್ದ ಏಣಿ; ಯಂತ್ರದ ಶಕ್ತಿ ಅಲ್ಪವಾಗಿದ್ದುದರಿಂದ ಅನವಶ್ಯಕವಾದುದನ್ನು ಚಿತ್ರಿಸುವ ಅನುಕೂಲ ಆಗ ಇರಲಿಲ್ಲ. ಈಗಿನ ಯಂತ್ರವಾದರೋ ಒಂದು ಕೋಣೆಯೊಳಗೆ ನೂರಾರು ವಸ್ತುಗಳನ್ನು ಸಾಕ್ಷಾತ್ತಾಗಿ ತೋರಿಸಬಲ್ಲದು. ಆದರೆ ಅವುಗಳಲ್ಲಿ ಆಟಗಾರನ ಕೈಗೆ ಸಿಕ್ಕುವಂಥವು ನಾಲ್ಕೈದು ಮಾತ್ರ. ಬಿಡುಗಡೆಗೆ ಮೊದಲು ಆಡಿ ಪರೀಕ್ಷಿಸುವವರು ದಾರಿ ಕಾಣದೆ ಅಲೆಯುತ್ತಾರೆ. ಅಲೆದವರು ಬೇಸತ್ತು ಆಟವನ್ನೇ ಬಿಟ್ಟಾರೆಂಬ ಭಯದಿಂದ ಬಣ್ಣದ ಡಬ್ಬಿ ಹೊರಕ್ಕೆ ಬರುತ್ತದೆ. ವಾಸ್ತವತೆಯ ಅತಿಶಯವೇ ಈ ಅವಾಸ್ತವಕ್ಕೆ ಜನ್ಮವಿತ್ತಿದೆ. ಕಾರಣವು ಸಾಧುವೇ ಇರಬಹುದು. ಆದರೂ ಆ ಪಟ್ಟೆಯನ್ನು ಕಂಡೊಡನೆ ನಾನು ಕಣಿವೆಯಿಂದ ಹೊರಬಿದ್ದು, ಹಾಸ್ಟೆಲ್ಲಿನ ಕೋಣೆಯಲ್ಲಿ ಗೆಳೆಯನ ಪ್ಲೇಸ್ಟೇಷನ್ನಿನ ಮುಂದೆ ಕುಳಿತ ಬಡ ವಿದ್ಯಾರ್ಥಿಯಾಗಿಬಿಡುತ್ತೇನೆ.

ಅದೇ ಬಣ್ಣವು ಚಿತ್ರಮಂದಿರದಲ್ಲಿಯೂ ನನ್ನ ಕಣ್ಣಿಗೆ ಬೀಳತೊಡಗಿರುವುದು ಈ ಲೇಖನಕ್ಕೆ ನಿಮಿತ್ತ. ನಾಯಕನ ಬೂಟು ಮೊದಲು, ಅನಂತರ ಬೆನ್ನು, ಅನಂತರ ಹೊಗೆ, ಕಟ್ಟಕಡೆಗೆ ಮುಖ, ಅಷ್ಟು ಹೊತ್ತೂ ಕಾಲವು ಸ್ಲೋ ಮೋಷನ್ನಿನಲ್ಲಿ ತೆವಳುತ್ತಿರುವುದು, ಬಿಜಿಎಂ ಎಂಬ ಹೆಸರಿನ ಡೋಲುಗಳ ಗರ್ಜನೆಗೆ ಕುರ್ಚಿಯ ಕಾಲುಗಳು ನಡುಗುತ್ತಿರುವುದು, ಇಷ್ಟೂ ಸಾಲದೆಂಬಂತೆ ಪಕ್ಕದಲ್ಲಿ ನಿಂತ ಪಾತ್ರವೊಂದು ನಡುಗುವ ದನಿಯಲ್ಲಿ “ಅವನು ಯಾರು ಅಂತ ಗೊತ್ತೇನ್ರೋ?” ಎಂದು ಕೇಳಿ ತಾನೇ ಉತ್ತರವನ್ನೂ ಕೊಡುವುದು. ಇಲ್ಲಿ ಸೀಟಿ ಹಾಕು, ಇಲ್ಲಿ ಮೈ ಜುಮ್ಮೆನ್ನಿಸಿಕೋ ಎಂದು ಪ್ರೇಕ್ಷಕನಿಗೆ ಗುರುತು ಬಳಿದುಕೊಟ್ಟಂತಾಯಿತು. 2018ರ ‘ಕೆ.ಜಿ.ಎಫ್’ ಈ ವಿದ್ಯೆಯನ್ನು ಪರಾಕಾಷ್ಠೆಗೆ ಒಯ್ದಿತೆಂಬುದರಲ್ಲಿ ಸಂದೇಹವಿಲ್ಲ. ಅಲ್ಲಿ ನಾಯಕನ ಮಹಿಮೆಯನ್ನು ಬಣ್ಣಿಸುವುದಕ್ಕೆಂದೇ ಒಬ್ಬ ಪತ್ರಕರ್ತನ ಪಾತ್ರವಿದ್ದು, ಅದನ್ನು ವಹಿಸಿದವರು ಅನಂತ್ ನಾಗ್ ಆದುದರಿಂದ ಆ ಬಣ್ಣನೆಗೂ ಒಂದು ಗಾಂಭೀರ್ಯ ಬಂದಿತು. ಅದನ್ನು ಅನುಕರಿಸಿದವರಿಗೆ ಡೋಲು ಸಿಕ್ಕಿತೇ ಹೊರತು ಅನಂತ್ ನಾಗ್ ಸಿಕ್ಕಲಿಲ್ಲ.

ಇದಕ್ಕೆ ಬಲ್ಲವರು ಒಂದು ಆಕ್ಷೇಪವನ್ನು ಎತ್ತಬಹುದು. ವೀರನ ಪ್ರವೇಶಕ್ಕೆ ಸಂಭ್ರಮವನ್ನು ಕಟ್ಟುವುದು ನಮ್ಮ ಪರಂಪರೆಗೆ ಹೊಸತೇ? ಯಕ್ಷಗಾನದ ಒಡ್ಡೋಲಗವೆಂಬುದು ಮತ್ತೇನು? ತೆರೆಯ ಹಿಂದೆ ಕಿರೀಟದ ತುದಿಯಷ್ಟೇ ಕಾಣುವುದು, ಚೆಂಡೆ ಏರುವುದು, ಸಭೆಯು ಉಸಿರು ಬಿಗಿಹಿಡಿಯುವುದು, ಇವೆಲ್ಲವೂ ಬಿಲ್ಡಪ್ಪೇ ಅಲ್ಲವೇ? ಹೌದು, ಒಪ್ಪತಕ್ಕ ಮಾತು. ಆದರೆ ಅಲ್ಲಿ ಆ ಗೌರವವನ್ನು ವೇಷಧಾರಿಯು ತನ್ನ ಕಾಲುಗಳಿಂದಲೇ ಸಂಪಾದಿಸಬೇಕು. ತೆರೆಯ ಹಿಂದೆಯೂ ಮುಂದೆಯೂ ಕುಣಿಯುವವನು ಅವನೇ. ಹೆಜ್ಜೆ ತಪ್ಪಿದರೆ ಎಂಥ ಚೆಂಡೆಯೂ ಅವನನ್ನು ಕಾಪಾಡಲಾರದು. ಸಿನಿಮಾದ ಪ್ರವೇಶದಲ್ಲಿ ನಟನು ಸುಮ್ಮನೆ ನಡೆದು ಬಂದರೂ ಸಾಕು. ಉಳಿದುದನ್ನು ಸಂಕಲನಕಾರನೂ ಸಂಗೀತ ನಿರ್ದೇಶಕನೂ ನೋಡಿಕೊಳ್ಳುತ್ತಾರೆ. ವ್ಯತ್ಯಾಸವು ಸಣ್ಣದಲ್ಲ.

ಹಾಗಾದರೆ ದಾರಿಯನ್ನೇ ತೋರಿಸಬಾರದೇ ಎಂದರೆ, ಹಾಗೇನೂ ಇಲ್ಲ. 2020ರಲ್ಲಿ ಬಂದ ‘ಘೋಸ್ಟ್ ಆಫ್ ತ್ಸುಶಿಮಾ’ ಎಂಬ ಆಟವನ್ನು ನೋಡಬೇಕು. 1274ರಲ್ಲಿ ಮಂಗೋಲರ ನೌಕಾಸೇನೆಯು ಜಪಾನಿನ ತ್ಸುಶಿಮಾ ದ್ವೀಪದ ಮೇಲೆ ಬಿದ್ದುದು ಅದರ ಹಿನ್ನೆಲೆ. ಬದುಕಿ ಉಳಿದ ಜಿನ್ ಸಕಾಯ್ ಎಂಬ ಸಮುರಾಯ್ ಅದರ ನಾಯಕ. ಈ ಆಟದಲ್ಲಿ ದಾರಿ ಬೇಕಾದವನು ಕೈಯಲ್ಲಿರುವ ಕಂಟ್ರೋಲರಿನ ಮೇಲ್ಭಾಗವನ್ನು ಬೆರಳಿನಿಂದ ಸವರಿದರಾಯಿತು, ಗಾಳಿ ಬೀಸುತ್ತದೆ. ಆಳೆತ್ತರದ ಬಿಳಿಯ ಹುಲ್ಲು ಒಂದು ದಿಕ್ಕಿಗೆ ಬಾಗುತ್ತದೆ, ಮರಗಳಿಂದ ಉದುರಿದ ಎಲೆಗಳು ಅದೇ ದಿಕ್ಕಿಗೆ ಹಾರುತ್ತವೆ. ಕುದುರೆಯನ್ನು ಆ ಕಡೆಗೆ ತಿರುಗಿಸಬೇಕು. ಎಲ್ಲಿಂದಲೋ ಬಂದ ನರಿಯೊಂದು ಹಿಂತಿರುಗಿ ನೋಡುತ್ತ ಓಡಿದರೆ, ಅದರ ಹಿಂದೆ ಹೋದವನಿಗೆ ಪೊದೆಗಳ ನಡುವೆ ಒಂದು ಪುಟ್ಟ ಗುಡಿ ಸಿಕ್ಕುತ್ತದೆ. ಇದೂ ದಾರಿ ತೋರಿಸುವ ಉಪಾಯವೇ. ಆದರೆ ಗಾಳಿಯೂ ನರಿಯೂ ಆ ದ್ವೀಪದವು, ಬಣ್ಣದ ಡಬ್ಬಿಯು ಕಾರ್ಖಾನೆಯದು. 2005ರ ‘ಶ್ಯಾಡೋ ಆಫ್ ದ ಕೊಲೋಸಸ್’ನಲ್ಲಿ ಎತ್ತಿ ಹಿಡಿದ ಖಡ್ಗದ ಬೆಳಕೇ ದಿಕ್ಕನ್ನು ತೋರಿಸುತ್ತಿತ್ತೆಂಬುದನ್ನು ನೆನೆದರೆ, ಈ ಜಾಣತನವು ಹಳೆಯದೇ ಎಂದು ತಿಳಿಯುತ್ತದೆ. ಅದೇ ತ್ಸುಶಿಮಾ ಆಟದಲ್ಲಿ ಜಪಾನಿನ ಚಿತ್ರನಿರ್ದೇಶಕ ಕುರೊಸಾವಾ ಅವರ ಹೆಸರಿನಲ್ಲಿ ಕಪ್ಪು ಬಿಳುಪಿನ ಒಂದು ವಿಧಾನವನ್ನೂ ಇಟ್ಟಿದ್ದಾರೆ. ಅದನ್ನು ಆರಿಸಿಕೊಂಡರೆ ಚಿತ್ರದಲ್ಲಿ ಹಳೆಯ ರೀಲಿನ ಗೀರುಗಳೂ ಶಬ್ದದಲ್ಲಿ ಹಳೆಯ ಕಾಲದ ಮಂಕೂ ಬರುತ್ತವೆ. ನನಗೆ ಅದು ರುಚಿಸಲಿಲ್ಲ. ಗೀರುಗಳಿಂದ ಕುರೊಸಾವಾ ದೊಡ್ಡವರಾದವರಲ್ಲ. ಅಷ್ಟಕ್ಕಾಗಿ ಆ ಕೆಂಪು ಮೇಪಲ್ ವನಗಳನ್ನು ಕಳೆದುಕೊಳ್ಳುವುದು ನಷ್ಟದ ವ್ಯಾಪಾರ.

ಈ ಆಟದ ಮುಂದಿನ ಕಂತಾದ ‘ಘೋಸ್ಟ್ ಆಫ್ ಯೋತೇ’ಯೂ ನಮ್ಮ ‘ಕಾಂತಾರ: ಚಾಪ್ಟರ್ 1’ ಚಿತ್ರವೂ ಒಂದೇ ದಿನ, 2025ರ ಅಕ್ಟೋಬರ್ 2ರಂದು, ಬಿಡುಗಡೆಯಾದುವು. ಒಂದರ ಕಥೆ 1603ರ ಎಜೋ ಸೀಮೆಯಲ್ಲಿ, ಅಂದರೆ ಈಗಿನ ಹೊಕ್ಕೈಡೋದಲ್ಲಿ ನಡೆಯುವಂಥದು. ಇನ್ನೊಂದರದು ಕದಂಬರ ಕಾಲದ ಕರಾವಳಿಯ ಕಾಡಿನಲ್ಲಿ. ಎರಡೂ ಹಿಂದಿನ ಯಶಸ್ಸಿನ ಭಾರವನ್ನು ಹೊತ್ತು ಬಂದ ಕೃತಿಗಳು. ಯೋತೇಯ ನಾಯಕಿ ಅತ್ಸು ತನ್ನ ಮನೆಯವರನ್ನು ಕೊಂದ ಆರು ಜನರನ್ನು ಅರಸುತ್ತ ಹೊರಟವಳು. ಅವಳು ಶಾಮಿಸೆನ್ ಎಂಬ ತಂತಿವಾದ್ಯದಲ್ಲಿ ಒಂದೊಂದು ರಾಗವನ್ನು ನುಡಿಸಿದಂತೆ ಗಾಳಿಯು ಒಂದೊಂದು ಕಡೆಗೆ ತಿರುಗುತ್ತದೆ. ಬಾಲ್ಯದ ಮನೆಯ ಅವಶೇಷಗಳ ಮುಂದೆ ನಿಂತು ಗುಂಡಿಯನ್ನು ಒತ್ತಿದರೆ, ಅದೇ ನೆಲದ ಮೇಲೆ ಆ ಮನೆಯು ತನ್ನ ತುಂಬಿದ ದಿನಗಳಲ್ಲಿ ಇದ್ದಂತೆ ಎದ್ದು ನಿಲ್ಲುತ್ತದೆ. ದುಃಖವನ್ನು ಕುರಿತು ಒಂದು ಮಾತನ್ನೂ ಆಡದೆ ದುಃಖವನ್ನು ತಿಳಿಸಿದ ಬಗೆ ಇದು. ಕಾಂತಾರದ ಹೊಸ ಭಾಗದಲ್ಲಿಯೂ ರಥವು ಹತೋಟಿ ತಪ್ಪಿ ನುಗ್ಗುವ ಸನ್ನಿವೇಶದಂಥ ಅದ್ಭುತಗಳಿಗೆ ಕೊರತೆಯಿಲ್ಲ. ಅರವಿಂದ ಕಶ್ಯಪ್ ಅವರ ಕ್ಯಾಮರಾ ಕಾಡನ್ನು ಕಂಡ ರೀತಿಗೆ ಕೈಮುಗಿಯಬೇಕು. ಆದರೆ 2022ರ ಮೊದಲ ಚಿತ್ರದ ಕೊನೆಯಲ್ಲಿ, ಆವೇಶಗೊಂಡ ನಾಯಕ ಶಿವನು ಬಾಯಿಯಿಂದ ಒಂದು ಅಕ್ಷರವನ್ನೂ ಹೊರಡಿಸದೆ, ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಒಟ್ಟುಗೂಡಿಸಿ ಎದೆಗೆ ಒತ್ತಿಕೊಂಡಾಗ ಸಭಾಂಗಣದಲ್ಲಿ ಯಾವ ಮೌನವು ಕವಿದಿತ್ತೋ, ಆ ಮೌನವನ್ನು ನಾನು ಈ ಸಲ ಕೇಳಲಿಲ್ಲ. ಪ್ರತಿಯೊಂದು ವಿಸ್ಮಯಕ್ಕೂ ಮುಂಚಿತವಾಗಿಯೇ ವಾದ್ಯಗಳು ಎದ್ದು ನಿಂತು, ವಿಸ್ಮಯವು ಬರುತ್ತಿದೆ ಎಂದು ಸಾರಿದುವು. ಆ ದಿನದ ಸ್ಪರ್ಧೆಯಲ್ಲಿ ನನ್ನ ಮತವು ಅತ್ಸುವಿಗೆ.

ದೇಶೀಯ ಗೇಮುಗಳಿಗೂ ಈ ರೋಗ ತಪ್ಪಿದ್ದಲ್ಲ. ಪುಣೆಯ ತಂಡವೊಂದು 2020ರಲ್ಲಿ ತಯಾರಿಸಿದ ‘ರಾಜಿ’ಯಲ್ಲಿ ಕಥಾಭಾಗಗಳನ್ನು ತೊಗಲುಗೊಂಬೆಯ ರೀತಿಯಲ್ಲಿ ತೋರಿಸಿದ್ದು ಕಣ್ಣಿಗೆ ಹಬ್ಬವೇ ಸರಿ; ಆದರೆ ವಿಷ್ಣುವೂ ದುರ್ಗೆಯೂ ಮೇಲಿನಿಂದ ನೋಡುತ್ತ ನಾಯಕಿಯ ಒಂದೊಂದು ಹೆಜ್ಜೆಗೂ ಭಾಷ್ಯ ಹೇಳುತ್ತಿದ್ದರೆ, ಸಿನಿಮಾದಲ್ಲಿ ಪಕ್ಕದ ಸೀಟಿನವನು ಮುಂದಿನ ಕಥೆಯನ್ನು ಹೇಳುತ್ತ ಕುಳಿತಂತೆ ಆಗುತ್ತದೆ.

ಕನ್ನಡದಲ್ಲಿ ಬಣ್ಣ ಬಳಿಯದ ಚಿತ್ರಗಳು ಇಲ್ಲವೆಂದಲ್ಲ. ಹೇಮಂತ್ ರಾವ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ 2023ರಲ್ಲಿ ಎರಡು ಭಾಗಗಳಾಗಿ ಬಂದಾಗ, ಮೊದಲ ಭಾಗವನ್ನು ನೀಲಿಯಲ್ಲಿಯೂ ಎರಡನೆಯದನ್ನು ಕೆಂಪಿನಲ್ಲಿಯೂ ಅದ್ದಿ ತೆಗೆದಿದ್ದರು. ಆ ಬಣ್ಣಗಳು ಯಾವುದನ್ನೂ ನಮಗೆ ಬೆರಳಿಟ್ಟು ತೋರಿಸಲಿಲ್ಲ, ಪ್ರೇಮಿಗಳಾದ ಮನು ಮತ್ತು ಪ್ರಿಯರ ಮನಃಸ್ಥಿತಿಯಂತೆ ಗೋಡೆಗಳಲ್ಲಿ, ಬಟ್ಟೆಗಳಲ್ಲಿ, ದೀಪಗಳಲ್ಲಿ ಸುಮ್ಮನೆ ನೆಲೆಸಿದ್ದುವು. ನನ್ನ ಸಹಪಾಠಿಗಳಲ್ಲಿ ಅನೇಕರು “ಸಿಕ್ಕಾಪಟ್ಟೆ ಲ್ಯಾಗ್ ಗುರೂ” ಎಂದು ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟರು. ಅವರೊಡನೆ ವಾದಿಸಿ ಫಲವಿಲ್ಲವಾದರೂ, ಜೈಲಿನಲ್ಲಿ ದಿನ ಎಣಿಸುವವನ ಕಥೆಯು ವೇಗವಾಗಿ ಓಡಬೇಕೆಂದು ಬಯಸುವುದು ಎಂಥ ಅಪೇಕ್ಷೆಯೋ ನಾನರಿಯೆ. 2025ರ ಜುಲೈಯಲ್ಲಿ ಬಂದ ‘ಸು ಫ್ರಮ್ ಸೋ’ ಚಿತ್ರದ ವಿಷಯದಲ್ಲಿ ಅಂಥ ಜಗಳಕ್ಕೆ ಅವಕಾಶವೇ ಆಗಲಿಲ್ಲ. ಸಿಕ್ಕಿಬಿದ್ದ ಪೇಚಿನಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಅಶೋಕನು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ, ಊರು ನಂಬುತ್ತದೆ, ಸೋಮೇಶ್ವರದ ಸುಲೋಚನೆಯೆಂಬ ಹೆಸರೂ ಆ ದೆವ್ವಕ್ಕೆ ಅಂಟಿಕೊಳ್ಳುತ್ತದೆ. ನಿರ್ದೇಶಕ ಜೆ. ಪಿ. ತೂಮಿನಾಡು ಅವರೇ ಅಶೋಕನಾಗಿದ್ದರೂ ತಮಗಾಗಿ ಒಂದು ಎಂಟ್ರಿಯನ್ನು ಇಟ್ಟುಕೊಳ್ಳಲಿಲ್ಲ. ಅಂಗಳದಲ್ಲಿ ನಿಂತವರು, ಜಗಲಿಯಲ್ಲಿ ಕುಳಿತವರು, ಎಲ್ಲರೂ ತಮ್ಮ ತಮ್ಮ ಪಾಡಿಗೆ ಮಾತಾಡುತ್ತಿರುತ್ತಾರೆ. ನಗೆಯು ಯಾವ ಮೂಲೆಯಿಂದ ಬಂದೀತೆಂದು ಊಹಿಸುವುದೇ ಅಸಾಧ್ಯ. ನಾನು ನೋಡಿದ ಪ್ರದರ್ಶನದಲ್ಲಿ ಮುಂದಿನ ಸಾಲಿನವರು ನಕ್ಕ ಕಡೆ ಹಿಂದಿನ ಸಾಲಿನವರು ನಗಲಿಲ್ಲ, ಹಿಂದಿನವರು ನಕ್ಕ ಕಡೆ ಮುಂದಿನವರು ನಗಲಿಲ್ಲ. ಪ್ರೇಕ್ಷಕರನ್ನು ಅವರವರ ಬುದ್ಧಿಗೆ ಬಿಟ್ಟ ಚಿತ್ರಕ್ಕೆ ಇದಕ್ಕಿಂತ ಬೇರೆ ಪ್ರಮಾಣಪತ್ರ ಬೇಡ.

ನಮ್ಮ ಪತ್ರಿಕೆಗಳು ವಾರಕ್ಕೊಮ್ಮೆ ಸಿನಿಮಾಗಳನ್ನು ವಿಮರ್ಶಿಸುತ್ತವೆ; ಗೇಮಿನ ಪ್ರಸ್ತಾಪವೋ, ಹುಡುಗರು ಕೆಡುತ್ತಿದ್ದಾರೆಂಬ ವರದಿಯಲ್ಲಿ, ಇಲ್ಲವೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕೇಂದ್ರ ಕಾನೂನಿನಂಥ ಸುದ್ದಿಯಲ್ಲಿ ಮಾತ್ರ ಬರುತ್ತದೆ. ರಮ್ಮಿಯನ್ನೂ ಅತ್ಸುವಿನ ಶಾಮಿಸೆನ್ನನ್ನೂ ಒಂದೇ ಮೂಟೆಗೆ ಕಟ್ಟುವ ಈ ಪದ್ಧತಿಯು ನಿಲ್ಲತಕ್ಕದ್ದು. ಹೊಸ ದೊಡ್ಡ ಗೇಮೊಂದರ ಬೆಲೆ ಐದು ಸಾವಿರ ರೂಪಾಯಿಯ ಆಸುಪಾಸಿನಲ್ಲಿರುವಾಗ, ಕೊಳ್ಳುವುದಕ್ಕೆ ಮುಂಚೆ ಕನ್ನಡದಲ್ಲಿ ನಾಲ್ಕು ವಿವೇಕದ ಮಾತುಗಳನ್ನು ಓದಬಯಸುವ ವಿದ್ಯಾರ್ಥಿಗಳು ಊರೂರಲ್ಲಿಯೂ ಇದ್ದಾರೆ.

ಎಲ್ಲಿಂದ ಪ್ರಾರಂಭಿಸಬೇಕೆಂದು ಕೇಳುವವರಿಗೆ ನಾನು ಹೆಸರಿಸುವುದು ‘ವೆಣ್ಬಾ’ ಎಂಬ ಚಿಕ್ಕ ಆಟವನ್ನು. ಕೆನಡಾದ ಟೊರಾಂಟೊ ನಗರದ ತಂಡವೊಂದು 2023ರಲ್ಲಿ ತಯಾರಿಸಿದ ಈ ಆಟಕ್ಕೆ ಮರುವರ್ಷ ಬ್ರಿಟನ್ನಿನ ಬಾಫ್ಟಾದವರ ಚೊಚ್ಚಲ ಗೇಮ್ ಪ್ರಶಸ್ತಿಯೂ ಬಂದಿತು. ಎಂಬತ್ತರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ಗೃಹಿಣಿಯೊಬ್ಬಳ ಅಡುಗೆಯ ಮನೆಯೇ ಇದರ ರಣರಂಗ. ಅವಳ ಕೈಯಲ್ಲಿರುವುದು ತಾಯಿಯು ಕೊಟ್ಟ ಅಡುಗೆಯ ಪುಸ್ತಕ. ಅದರ ಹಾಳೆಗಳು ಹರಿದಿವೆ, ಅಕ್ಷರಗಳು ಅಳಿಸಿವೆ. ಮೊದಲ ಅಧ್ಯಾಯದಲ್ಲಿಯೇ ಇಡ್ಲಿಯನ್ನು ಬೇಯಿಸಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಹೇಗೆ ಜೋಡಿಸಬೇಕೆಂಬ ಭಾಗವೇ ಪುಸ್ತಕದಲ್ಲಿ ಸ್ಪಷ್ಟವಾಗಿಲ್ಲ. ಮೇಲಿನ ತಟ್ಟೆಯ ಕುಳಿಯು ಕೆಳಗಿನ ತಟ್ಟೆಯ ಕುಳಿಯ ನೇರಕ್ಕೆ ಬಾರದಂತೆ ತಿರುಗಿಸಿ ಇಟ್ಟರೆ ಮಾತ್ರ ಹಬೆಯು ಎಲ್ಲ ಇಡ್ಲಿಗಳನ್ನೂ ಮುಟ್ಟುವುದೆಂಬುದನ್ನು ಆಟಗಾರನೇ ಯೋಚಿಸಿ ತಿಳಿಯಬೇಕು. ಹಳದಿ ಪಟ್ಟೆ ಎಲ್ಲಿಯೂ ಇಲ್ಲ. ಸಾಧಾರಣ ಲ್ಯಾಪ್‌ಟಾಪಿನಲ್ಲಿಯೂ ಇದು ನಡೆಯುತ್ತದೆ, ಒಂದೆರಡು ಗಂಟೆಗಳಲ್ಲಿ ಮುಗಿದೂ ಹೋಗುತ್ತದೆ. ಗೇಮೆಂದರೆ ಗುಂಡು ಹಾರಿಸುವುದೆಂದು ನಂಬಿರುವ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿರಿ. ಇಡ್ಲಿ ತಟ್ಟೆಯ ವಿಷಯದಲ್ಲಿ ಅವರ ಸಹಾಯ ಬೇಕಾಗುತ್ತದೆ.